ಗಂಟೆಯ ಲೆಕ್ಕವೂ ಕಾಯಕದ ಶುದ್ಧಿಯೂ

ಕಾಯಕವೆಂದೊಡನೆ ನೇಗಿಲು, ಮಗ್ಗ, ತಕ್ಕಡಿಗಳು ನೆನಪಿಗೆ ಬರುವುದು ಸಹಜ. ನೆಯ್ದ ಬಟ್ಟೆಯನ್ನು ಮುಟ್ಟಿ ನೋಡಬಹುದು. ಅಳೆದ ಧಾನ್ಯವನ್ನು ಮತ್ತೊಮ್ಮೆ ಅಳೆಯಬಹುದು. ಇಂದು ಎಷ್ಟೋ ಸದ್ಗೃಹಸ್ಥರ ಮಕ್ಕಳು ಬೆಂಗಳೂರಿನ ದೊಡ್ಡ ಐ.ಟಿ. ಸಂಸ್ಥೆಗಳಲ್ಲಿ ಕಿರಿಯ ಸಾಫ್ಟ್‌ವೇರ್ ಇಂಜಿನಿಯರರಾಗಿದ್ದಾರೆ. ದಿನವೆಲ್ಲ ಮಾಡುವುದೇನೆಂದು ತಂದೆತಾಯಿಗಳು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಂಥ ದುಡಿಮೆಯಲ್ಲಿ ಸತ್ಯಶುದ್ಧಿಯ ಪರೀಕ್ಷೆ ಎಲ್ಲಿ ನಡೆಯುತ್ತದೆಂಬುದು ವಿಚಾರಾರ್ಹ.

ಟಾಟಾ ಕನ್ಸಲ್ಟೆನ್ಸಿ 1968ರಲ್ಲಿ ಆರಂಭವಾಯಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ಇಂಥ ಸಂಸ್ಥೆಗಳು ಪರದೇಶದ ಬ್ಯಾಂಕು, ವಿಮಾ ಕಂಪನಿ ಮೊದಲಾದವುಗಳ ತಂತ್ರಾಂಶವನ್ನು ಕಟ್ಟಿಕೊಡುತ್ತವೆ, ದುರಸ್ತಿ ಮಾಡಿಕೊಡುತ್ತವೆ. ಕೆಲವು ಒಪ್ಪಂದಗಳಲ್ಲಿ ಇಡೀ ಕೆಲಸಕ್ಕೆ ಒಂದು ಬೆಲೆ. ಬೇರೆ ಕೆಲವುಗಳಲ್ಲಿ ದುಡಿದ ಗಂಟೆಗೆ ಇಷ್ಟೆಂಬ ದರ. ಆದುದರಿಂದ ಪ್ರತಿಯೊಬ್ಬ ಕೆಲಸಗಾರನೂ ಯಾವ ಪ್ರಾಜೆಕ್ಟಿಗೆ ಎಷ್ಟು ಗಂಟೆ ಸಂದಿತೆಂದು ಟೈಮ್‌ಶೀಟಿನಲ್ಲಿ ನಮೂದಿಸಬೇಕು. ಗಂಟೆಯ ಒಪ್ಪಂದವಾದರೆ ಗಿರಾಕಿಗೆ ಹೋಗುವ ಬಿಲ್ಲಿಗೆ ಇದೇ ಆಧಾರ. ಇಲ್ಲಿ ತಕ್ಕಡಿಯೆಂದರೆ ಈ ಹಾಳೆಯೇ.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಎಲ್ಲರೂ ಬಲ್ಲರು. ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಬಂದಲ್ಲಿಗೇ ಸುರಿದು ಬರಲು ಹೇಳಿದಳು. ಆರು ಗಂಟೆ ದುಡಿದು ಎಂಟೆಂದು ಬರೆದವನ ಉಡಿಯಲ್ಲಿರುವುದೂ ಆ ಹೆಚ್ಚಿನ ಅಕ್ಕಿಯೇ. ಇಷ್ಟನ್ನು ತಿಳಿಯುವುದು ಸುಲಭ.

ಹನ್ನೊಂದು ಗಂಟೆ ದುಡಿದು ಎಂಟೆಂದು ಬರೆಯುವವರೂ ಉಂಟು. ಹೊಸಬನು ತಾನು ನಿಧಾನಿಯೆಂಬ ಹೆಸರಿಗೆ ಅಂಜುತ್ತಾನೆ. ಅಂದಾಜು ಮೀರದಿರಲೆಂದು ಮೇಲಿನವರು ಸೂಚಿಸುವುದೂ ಉಂಟು. ಇದು ತ್ಯಾಗವಲ್ಲವೆ ಎಂದು ಸಂದೇಹ ಹುಟ್ಟಬಹುದು. ಅಲ್ಲ. ಹೇಗೆಂದರೆ, ಈ ಕೆಲಸದಲ್ಲಿ ಹೊಸದಾಗಿ ಬರೆಯುವುದಕ್ಕಿಂತ ಇತರರು ಎಂದೋ ಬರೆದ ಕೋಡನ್ನು ಓದಿ ಅರ್ಥಮಾಡಿಕೊಳ್ಳುವುದೇ ಹೆಚ್ಚು. 03/04 ಎಂದರೆ ಅಮೆರಿಕದವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3. ಎಲ್ಲಿಯೋ ಅಡಗಿದ ಇಂಥ ಒಂದು ದೋಷವನ್ನು ಹುಡುಕಲು ಇಡೀ ದಿನ ಹಿಡಿಯುತ್ತದೆ. ತಿದ್ದುವುದು ಎರಡೇ ಸಾಲು. ನಲವತ್ತು ಗಂಟೆಯೆಂದು ಅಂದಾಜಿಸಿದ ಕೆಲಸಕ್ಕೆ ಅರವತ್ತು ಹಿಡಿದರೂ ಹಾಳೆಯಲ್ಲಿ ನಲವತ್ತೇ ಉಳಿದರೆ, ಮುಂದಿನ ಗಿರಾಕಿಗೂ ನಲವತ್ತರಲ್ಲಿಯೇ ಮುಗಿಸುವ ಮಾತು ಕೊಡಲಾಗುತ್ತದೆ. ಆಗ ನಡುರಾತ್ರಿಯವರೆಗೆ ಎಚ್ಚರವಿರುವವನು ಮತ್ತೊಬ್ಬ ಹುಡುಗ. ತನ್ನ ಬೆವರನ್ನು ಮರೆಮಾಡಿದವನು ಅವನ ನಿದ್ರೆಯನ್ನು ಕಸಿದಂತಾಯಿತು. ಮೇಲಿನವರು ಒಪ್ಪದಿದ್ದರೇನು ಗತಿ? ಕಿರಿಯನ ಸ್ಥಿತಿ ಬಿಕ್ಕಟ್ಟಿನದು ನಿಜ. ಆದರೂ ಕೆಲಸವು ಅಂದಾಜನ್ನು ಮೀರುತ್ತಿದೆಯೆಂದು ಮೊದಲ ದಿನಗಳಲ್ಲಿಯೇ ವಿನಯದಿಂದ ತಿಳಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಕೊನೆಯ ದಿನ ಹೇಳಿದ ಸತ್ಯ ನೆಪದಂತೆ ಕೇಳಿಸುತ್ತದೆ.

ಲಕ್ಕಮ್ಮನ ಮಾತು ಮನೆಯೊಳಗಿನಿಂದ ಬಂದುದು ಎಂಬುದನ್ನು ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ಒಂದು ವರ್ಷದ ಅನುಭವವನ್ನು ಮೂರೆಂದು ಬರೆಯಲು ಮಗನು ಹಿಂಜರಿದರೆ, "ಎಲ್ಲರೂ ಬರೆಯುತ್ತಾರಪ್ಪ, ನೀನೂ ಬರೆ" ಎನ್ನುವ ಮನೆಗಳು ಇಲ್ಲದಿಲ್ಲ.

ಇನ್ನು ಬೆಂಚಿನ ವಿಷಯ. ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ದೊರೆಯುವವರೆಗೆ ಸಂಬಳ ಪಡೆಯುತ್ತ ಕಾಯುವುದಕ್ಕೆ ಈ ಹೆಸರು. ಹಿಂದೆ ಇದಕ್ಕೆ ಸಡಿಲವಾದ ಅವಕಾಶವಿತ್ತು. 2025ರಲ್ಲಿ ಒಂದು ಮಹಾಸಂಸ್ಥೆ ವರ್ಷಕ್ಕೆ 225 ದಿನವಾದರೂ ಗಿರಾಕಿಯ ಲೆಕ್ಕಕ್ಕೆ ಸಲ್ಲಬೇಕು, ಬೆಂಚು 35 ದಿನ ಮೀರಬಾರದು ಎಂದು ನಿಯಮ ಮಾಡಿತು. ಆ ದಿನಗಳಲ್ಲಿ ಮಗಳಾಗಲಿ ಮಗನಾಗಲಿ ಮನೆಗೆ ಬಂದರೆ, ಕೆಲಸ ಹೋಯಿತೆಂದು ನೆಂಟರಿಷ್ಟರ ಮುಂದೆ ಮರುಗುವುದು ತರವಲ್ಲ. ಹೊಸದೊಂದು ವಿದ್ಯೆಯನ್ನು ಕಲಿಯಲು ಅವರಿಗೆ ಇರುವ ಬಿಡುವು ಅಷ್ಟೇ. ಒಂದು ಕೋಣೆಯನ್ನೂ ಸ್ವಲ್ಪ ಮೌನವನ್ನೂ ಮನೆಯವರು ಒದಗಿಸಿಕೊಡಬಹುದು.