ಮೊದಲು ಸಾಹಿತ್ಯ ಕೇಳಿಸಬೇಕು: ಮನೆ ಸ್ಟುಡಿಯೊದ ಅನುಭವದ ಪಾಠಗಳು

ನಾನು ಹೆಚ್ಚಾಗಿ ರೆಕಾರ್ಡ್ ಮಾಡುವುದು ಸುಗಮ ಸಂಗೀತ. ದನಿ, ಹಾರ್ಮೋನಿಯಂ, ತಬಲಾ, ಕೆಲವೊಮ್ಮೆ ಕೊಳಲು; ಜಾಗ ಮನೆಯದೇ ಒಂದು ಕೋಣೆ. ಕವಿಯ ಸಾಲು ಕೇಳುಗರಿಗೆ ಬಿಡಿಬಿಡಿಯಾಗಿ ತಲುಪದ ಭಾವಗೀತೆ, ಎಷ್ಟೇ ಇಂಪಾಗಿದ್ದರೂ ನನ್ನ ಲೆಕ್ಕಕ್ಕೆ ಅರ್ಧ ಹಾಡು.

1. ದುಬಾರಿ ಮೈಕ್‌ಗಿಂತ ಮೊದಲು ಕೋಣೆಯನ್ನು ನೋಡಿ. ಟೈಲ್ಸ್ ನೆಲ, ಬರಿ ಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಝಣ್ಣೆನ್ನುತ್ತದೆ. ಆ ಮರುದನಿ ಹಾಡಿನೊಳಗೆ ಸೇರಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಕಾರ್ಡಿಯಾಯ್ಡ್ ಮೈಕ್ ಎದುರಿನ ಸದ್ದನ್ನು ಹೆಚ್ಚು ಹಿಡಿಯುತ್ತದೆ. ಹಾಡುವವರ ಬೆನ್ನ ಹಿಂದಿನ ಗೋಡೆಯೇ ಅದಕ್ಕೆ ಎದುರು. ಹಾಗಾಗಿ ಹತ್ತಿಯ ಹಾಸಿಗೆಯನ್ನು ಅಲ್ಲಿ ನಿಲ್ಲಿಸಿ, ಕಾಲಡಿ ಜಮಖಾನ ಹಾಸಿ. ಗೋಡೆಗೆ ಅಂಟಿಸುವ ತೆಳು ಫೋಮ್ ಹೆಚ್ಚಿನ ಕಂಪನಾಂಕದ ಸದ್ದನ್ನಷ್ಟೇ ಹೀರುತ್ತದೆ, ತಬಲಾ ಜೋಡಿಯ ಎಡಗಡೆಯ ಡಗ್ಗಾದ ಗುಮ್ಮೆನ್ನುವ ನಾದ ಹಾಗೇ ಉಳಿಯುತ್ತದೆ.

2. ಫ್ಯಾನ್, ಫ್ರಿಜ್ ಆರಿಸಿ. ಆಮೇಲೂ 50 ಹರ್ಟ್ಸ್ ಗುಂಯ್‌ಗುಡುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

3. ಬಾಯಿಗೂ ಮೈಕ್‌ಗೂ ಒಂದು ಗೇಣು ಅಂತರ, ಮೈಕ್ ಕೊಂಚ ಓರೆ, ನಡುವೆ ಪಾಪ್ ಫಿಲ್ಟರ್. ಕನ್ನಡದಲ್ಲಿ ಮಹಾಪ್ರಾಣ ಬಿಟ್ಟು ಹಾಡುವಂತಿಲ್ಲ, ಆದರೆ ತುಟಿಯಿಂದ ಸಿಡಿಯುವ ಅಕ್ಷರಗಳ ಉಸಿರು ಮೈಕ್‌ಗೆ ಬಡಿಯುತ್ತದೆ. ಸಾಹಿತ್ಯದ ಹಾಳೆಯಲ್ಲಿ ಪ, ಫ, ಬ, ಭ ಬರುವ ಪದಗಳ ಕೆಳಗೆ ನಾನು ಮೊದಲೇ ಗೆರೆ ಎಳೆದಿಟ್ಟು, ಆ ಸಾಲುಗಳನ್ನೇ ಹಾಡಿಸಿ ಮೈಕ್ ಸರಿಪಡಿಸುತ್ತೇನೆ. ಲೆವೆಲ್ ಇಡಲು ಪಲ್ಲವಿ ಸಾಲದು. ತಾರಸ್ಥಾಯಿಗೆ ಏರುವ ಸಾಲು ಬೇಕು. 24 ಬಿಟ್‌ನಲ್ಲಿ ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸಾಕು.

4. ಹೆಡ್‌ಫೋನಿನಲ್ಲಿ ತಂಬೂರಿ ಧಾರಾಳವಾಗಿರಲಿ, ಲಯ ತೋರಿಸುವ ಕ್ಲಿಕ್ ಮೆಲ್ಲಗಿರಲಿ. ಕ್ಲಿಕ್ ಮೈಕ್‌ಗೆ ಸೋರುತ್ತದೆ. ಹಾಡುವಾಗ ಬಫರ್ 128 ಸ್ಯಾಂಪಲ್‌ಗೆ ಇಳಿಸಿ. 48 ಕಿಲೊಹರ್ಟ್ಸ್‌ನಲ್ಲಿ ಅದರಿಂದಾಗುವ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ. 1024 ಆದರೆ ಇಪ್ಪತ್ತೊಂದು ದಾಟುತ್ತದೆ, ತನ್ನ ದನಿ ತನಗೇ ತಡವಾಗಿ ಕೇಳಿ ಲಯ ಜಾರುತ್ತದೆ.

5. ಸ್ವರ ತಿದ್ದುವ ಸಾಫ್ಟ್‌ವೇರನ್ನು ಇಡೀ ಹಾಡಿನ ಮೇಲೆ ಹರಿಯಬಿಡಬೇಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಅದು ಮೆಟ್ಟಿಲು ಕತ್ತರಿಸಿದಂತೆ ತುಂಡರಿಸುತ್ತದೆ. ಹಾಡಿದವರಿಗೆ ಒಂದು ಲೋಟ ಬಿಸಿನೀರು ಕೊಟ್ಟು ಆ ಸಾಲನ್ನು ಮತ್ತೊಮ್ಮೆ ಹಾಡಿಸಿ. ದನಿಯ ಮೇಲಿನ ಗೌರವ ಅದು.

6. ಮಿಕ್ಸಿಂಗನ್ನು ದನಿ ಮತ್ತು ತಬಲಾ ಎರಡರಿಂದಲೇ ಶುರುಮಾಡಿ. ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಡಗ್ಗಾಕ್ಕೆ ಜಾಗ ಸಿಗುತ್ತದೆ. ತಕರಾರು ಶುರುವಾಗುವುದು ಹಾರ್ಮೋನಿಯಂ ಬಂದಾಗ. ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 2ರಿಂದ 4 ಕಿಲೊಹರ್ಟ್ಸ್‌ನಲ್ಲಿ. ಹಾರ್ಮೋನಿಯಂನ ಪೀಪಿ ನಾದವೂ ಅಲ್ಲೇ ತುಂಬಿಕೊಳ್ಳುತ್ತದೆ. ದನಿಯನ್ನು ಏರಿಸುವ ಬದಲು ಆ ಜಾಗದಲ್ಲಿ ಹಾರ್ಮೋನಿಯಂ ಅನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿ. ಒತ್ತಕ್ಷರಗಳು ತಾವಾಗಿಯೇ ಮೇಲೆ ಬರುತ್ತವೆ.

7. ಹಾಡು ಗೊತ್ತಿಲ್ಲದ ಒಬ್ಬರಿಗೆ ಫೋನಿನ ಸ್ಪೀಕರಿನಲ್ಲೇ ಕೇಳಿಸಿ, ಕೇಳಿದ್ದನ್ನು ಬರೆದುಕೊಡಲು ಹೇಳಿ. ಸಾಹಿತ್ಯ ಬಾಯಿಪಾಠವಾದ ನಮ್ಮ ಕಿವಿ, ಇಲ್ಲದ ಅಕ್ಷರವನ್ನೂ ತುಂಬಿಕೊಂಡು ಕೇಳುತ್ತದೆ. ಅವರು ಬಿಟ್ಟ ಪದ ಯಾವುದೋ ಅಲ್ಲಿ ರಿವರ್ಬ್ ಇಳಿಸಿ, ಆ ಒಂದು ಪದವನ್ನಷ್ಟೇ ಕೈಯಿಂದ ಎತ್ತಿ. ಯೂಟ್ಯೂಬ್ ಹೇಗೂ ಜೋರಿನ ಹಾಡನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರಿನ ಅಳತೆ) ಹತ್ತಿರಕ್ಕೆ ತಗ್ಗಿಸಿಯೇ ಕೇಳಿಸುತ್ತದೆ. ಅದಕ್ಕಿಂತ ಜೋರು ಮಾಡಲೆಂದು ಲಿಮಿಟರ್‌ನಲ್ಲಿ ದನಿಯ ಏರಿಳಿತವನ್ನು ಒತ್ತಿಹಾಕಬೇಡಿ.