ಟಾಂಜಾನಿಯಾದಲ್ಲಿ ಹೆರಾಯಿನ್ ಪಿಡುಗು

ಗಸಗಸೆ ಗಿಡದ ಕಾಯಿಯಿಂದ ಒಸರುವ ಹಾಲೇ ಅಫೀಮು. ಅದನ್ನು ಸಂಸ್ಕರಿಸಿ ಹೆರಾಯಿನ್ ಎಂಬ ಮಾದಕ ವಸ್ತುವನ್ನು ತಯಾರಿಸುತ್ತಾರೆ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯು ಇದನ್ನು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು. ಔಷಧವೆಂದು ಬಂದದ್ದು ಜನರಿಗೆ ವಿಷವಾಗಿ ಪರಿಣಮಿಸಿದ್ದು ಹೇಗೆಂಬುದನ್ನು ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದ ನಿದರ್ಶನದಿಂದ ನಾವು ಅರಿಯಬಹುದು.

ಹೆರಾಯಿನ್ ಆ ನೆಲದಲ್ಲಿ ಹುಟ್ಟಿದ ವಸ್ತುವಲ್ಲ. ಅಫಘಾನಿಸ್ತಾನದ ಅಫೀಮಿನಿಂದಾದ ಸರಕು ಮಕ್ರಾನ್ ತೀರದಿಂದ ಹಾಯಿದೋಣಿಗಳಂಥ ಸಣ್ಣ ನಾವೆಗಳಲ್ಲಿ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾವನ್ನು ಸೇರುವುದು. 2014ರ ಏಪ್ರಿಲ್ ತಿಂಗಳಲ್ಲಿ ನೆರೆಯ ಕೀನ್ಯಾದ ಕಡಲಿನಲ್ಲಿ ಆಸ್ಟ್ರೇಲಿಯಾದ ಯುದ್ಧನೌಕೆಯೊಂದು ಒಂದೇ ನಾವೆಯಿಂದ 1,032 ಕಿಲೋಗ್ರಾಂ ಹೆರಾಯಿನ್ ಹಿಡಿಯಿತು. ಈ ಸರಕಿನ ಬಹುಭಾಗವು ದೂರದೇಶಗಳಿಗೆ ಹೋಗತಕ್ಕದ್ದು. ಆದರೆ ಹಾದುಹೋಗುವ ಸರಕು ಹಾದಿಯಲ್ಲಿಯೂ ಸೋರುವುದು. 1980ರ ದಶಕದಿಂದ ದಾರ್ ಎಸ್ ಸಲಾಮ್ ಹಾಗೂ ಜಾಂಜಿಬಾರ್‌ಗಳಲ್ಲಿ ಅದರ ಸೇವನೆ ಬೇರೂರಿತು.

ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ 'ಉಂಗಾ' ಎಂಬ ಅಡ್ಡಹೆಸರಿದೆ. ಉಂಗಾ ಎಂದರೆ ಹಿಟ್ಟು; ಆ ಜನರ ನಿತ್ಯದ ಆಹಾರವಾದ ಉಗಾಲಿಯನ್ನು ಮಾಡುವುದೂ ಹಿಟ್ಟಿನಿಂದಲೇ. ಅನ್ನದ ಹೆಸರಿನಲ್ಲಿ ವಿಷವು ಮನೆಹೊಕ್ಕಿತು! ಮೊದಮೊದಲು ಜನರು ಕಂದುಬಣ್ಣದ ಪುಡಿಯ ಹೊಗೆಯನ್ನು ಸೇದುತ್ತಿದ್ದರು. 1990ರ ದಶಕದ ಕೊನೆಯ ಸುಮಾರಿಗೆ, ನೀರಿನಲ್ಲಿ ಸುಲಭವಾಗಿ ಕರಗುವ ಬಿಳಿಯ ಪುಡಿ ಬಂದಿತು. ಅದರೊಡನೆ ಸೂಜಿಯೂ ಬಂದಿತು. ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಂಡುದರಿಂದ ಎಚ್‌ಐವಿ ಸೋಂಕೂ ಯಕೃತ್ತಿನ ರೋಗವೂ ಹರಡಿದವು.

ಈ ಚಟವನ್ನು ಬಿಡುವುದೇಕೆ ಕಠಿಣ? ದೇಹವು ಬಲುಬೇಗ ಇದಕ್ಕೆ ಒಗ್ಗಿಹೋಗುವುದು. ನಿನ್ನೆಯ ಪ್ರಮಾಣ ಇಂದು ಸಾಲದು. ನಿಲ್ಲಿಸಿದರೆ ಮೈಕೈ ನೋವು, ನಡುಕ, ವಾಂತಿ, ನಿದ್ರಾಹೀನತೆಗಳು ಬಾಧಿಸುವುವು. ಆಗ ಸುಖಕ್ಕಾಗಿಯಲ್ಲ, ಆ ಯಾತನೆಯಿಂದ ತಪ್ಪಿಸಿಕೊಳ್ಳಲೆಂದೇ ಮನುಷ್ಯನು ಮತ್ತೆ ಅದನ್ನು ಸೇವಿಸುವನು. ಪ್ರಮಾಣ ಮೀರಿದರೆ ಉಸಿರೇ ನಿಲ್ಲುವುದು.

2011ರಲ್ಲಿ ದಾರ್ ಎಸ್ ಸಲಾಮಿನ ಮುಹಿಂಬಿಲಿ ರಾಷ್ಟ್ರೀಯ ಆಸ್ಪತ್ರೆಯು ಮೆಥಡೋನ್ ಚಿಕಿತ್ಸೆಯನ್ನು ಆರಂಭಿಸಿತು. ರೋಗಿಯು ದಿನಕ್ಕೊಮ್ಮೆ ಸಿಬ್ಬಂದಿಯ ಎದುರಿನಲ್ಲಿ ಈ ಔಷಧವನ್ನು ಕುಡಿಯುವನು. ಯಾತನೆ ಅಡಗಿ, ಸೂಜಿಯ ಹಂಬಲ ತಗ್ಗುವುದು. ಹೀಗೆ ಮರಳಿ ದುಡಿಮೆಗೂ ಸಂಸಾರಕ್ಕೂ ಸೇರಿದವರುಂಟು.

ಪ್ರಿಯ ವಿದ್ಯಾರ್ಥಿಗಳೇ, ಇಂಥ ವಸ್ತುವನ್ನು ಮೊದಲು ಕೈಗಿಡುವವನು ಸಾಮಾನ್ಯವಾಗಿ ಅಪರಿಚಿತನಲ್ಲ, ಗೆಳೆಯನೇ. 'ಒಮ್ಮೆ ನೋಡು' ಎಂಬ ಅವನ ಮಾತಿಗೆ 'ಒಲ್ಲೆ' ಎನ್ನುವ ಧೈರ್ಯವನ್ನು ಈಗಲೇ ಬೆಳೆಸಿಕೊಳ್ಳಿರಿ. ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹ: ಮಗನೋ ಮಗಳೋ ಜಾರಿದರೆ ಮಾನಕ್ಕಂಜಿ ಮುಚ್ಚಿಡದಿರಿ, ಹೊಡೆದು ಹೊರಗಟ್ಟದಿರಿ; ವೈದ್ಯರ ಬಳಿಗೆ ಕರೆದೊಯ್ಯಿರಿ. ಚಟಕ್ಕೆ ಸಿಕ್ಕಿದವನು ರೋಗಿ. ರೋಗಿಗೆ ಬೇಕಾದುದು ಚಿಕಿತ್ಸೆ.