ಎಳೆಯ ಮೈಗೆ ಎಷ್ಟು ತರಬೇತಿ?

ಬೇಸಿಗೆ ರಜೆಯಲ್ಲಿ ಮಗುವನ್ನು ಕರಾಟೆಗೋ ಸ್ಕೇಟಿಂಗಿಗೋ ಈಜಿಗೋ ಸೇರಿಸುವಾಗ ಹೆಚ್ಚಿನ ಹೆತ್ತವರ ಮನಸ್ಸಿನಲ್ಲಿರುವ ಆಸೆ ಸಣ್ಣದು. ಮಗು ಮೊಬೈಲ್ ಬಿಟ್ಟು ಸ್ವಲ್ಪ ಬೆವರು ಸುರಿಸಲಿ, ನಾಲ್ಕು ಮಕ್ಕಳೊಂದಿಗೆ ಬೆರೆಯಲಿ ಎಂಬುದಷ್ಟೇ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಾಸ್ತರರು ಕರೆದು, “ನಿಮ್ಮ ಮಗುವಿನಲ್ಲಿ ಒಳ್ಳೆಯ ಪ್ರತಿಭೆಯಿದೆ, ಸ್ಪರ್ಧೆಗೆ ತಯಾರು ಮಾಡೋಣ” ಎನ್ನುತ್ತಾರೆ. ವಾರಕ್ಕೆ ಎರಡು ದಿನವಿದ್ದ ತರಗತಿ ಆರು ದಿನವಾಗುತ್ತದೆ. ಮೊದಲ ಪದಕ ಮನೆಗೆ ಬರುತ್ತದೆ, ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಆಮೇಲೆ ಒಂದು ಸಂಜೆ ಮಗು, “ಉಮ್ಮಾ, ಇವತ್ತು ನಾನು ಹೋಗುವುದಿಲ್ಲ” ಎನ್ನುತ್ತದೆ.

ಆಗ ನೀವೇನು ಮಾಡುತ್ತೀರಿ? ಗದರಿಸಿ ಕಳುಹಿಸುವುದೇ, ಅಥವಾ ತರಗತಿಯನ್ನೇ ಬಿಡಿಸುವುದೇ? ಎರಡೂ ಆತುರದ ನಿರ್ಧಾರಗಳಾಗಬಹುದು. ಮಗುವನ್ನು ಎಷ್ಟರ ಮಟ್ಟಿಗೆ ಒತ್ತಾಯಿಸಬಹುದು ಎಂದು ತಿಳಿಯಲು ಮೊದಲು ಅದರ ಮೈಯನ್ನು ಅರಿಯಬೇಕು.

ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ

ಬೆಳೆಯುವ ಮಕ್ಕಳ ಉದ್ದನೆಯ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಈ ಭಾಗ ಅದರ ಸುತ್ತಲಿನ ಗಟ್ಟಿ ಎಲುಬಿಗಿಂತಲೂ ಕೀಲನ್ನು ಹಿಡಿದಿಡುವ ಪಟ್ಟಿಗಳಿಗಿಂತಲೂ ದುರ್ಬಲವಾಗಿರುತ್ತದೆ. ಆದ್ದರಿಂದ ದೊಡ್ಡವರಿಗೆ ಬರೀ ಉಳುಕಾಗಬಹುದಾದ ಪೆಟ್ಟು ಮಗುವಿನಲ್ಲಿ ಈ ಬೆಳವಣಿಗೆಯ ಪದರವನ್ನೇ ಬಿರುಕುಗೊಳಿಸಬಹುದು. ಅದನ್ನು ಗುರುತಿಸದೆ ಬಿಟ್ಟರೆ ಕೈ ಅಥವಾ ಕಾಲು ಸೊಟ್ಟಗಾಗುವ, ಗಿಡ್ಡಾಗುವ ಅಪಾಯವೂ ಇದೆ.

ಒಂದೇ ಚಲನೆಯನ್ನು ದಿನವೂ ನೂರಾರು ಸಲ ಮಾಡಿಸುವುದರಿಂದಲೂ ತೊಂದರೆ ಬರುತ್ತದೆ. ಜಿಗಿತ, ಓಟ ಹೆಚ್ಚಿರುವ ಆಟಗಳಲ್ಲಿ ಎಂಟರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಿಮ್ಮಡಿಯ ಹಿಂಭಾಗದಲ್ಲಿ ನೋವು ಬರುವುದು ಸಾಮಾನ್ಯ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬಿ ನೋಯುತ್ತದೆ. ಕೈಯೂರಿ ಲಾಗ ಹಾಕುವ ಜಿಮ್ನಾಸ್ಟಿಕ್ಸ್ ಮಕ್ಕಳಿಗೆ ಮಣಿಕಟ್ಟು, ಬೆನ್ನನ್ನು ಪದೇಪದೇ ಹಿಂದಕ್ಕೆ ಬಾಗಿಸುವವರಿಗೆ ಸೊಂಟ ನೋಯುತ್ತದೆ. ಬೇಗ ಗಮನಿಸಿ ವಿಶ್ರಾಂತಿ ಕೊಟ್ಟರೆ ಇವುಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ. “ಅಭ್ಯಾಸವಾದರೆ ಸರಿಹೋಗುತ್ತದೆ” ಎಂದು ಮುಂದುವರಿಸಿದರೆ ತಿಂಗಳುಗಟ್ಟಲೆ ಎಳೆಯುತ್ತವೆ.

ವಾರಕ್ಕೆ ಎಷ್ಟು ಗಂಟೆ?

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗಳದ ಆಟ, ಸೈಕಲ್, ಓಡಾಟ ಎಲ್ಲವೂ ಇದರಲ್ಲಿ ಸೇರುತ್ತವೆ. ಶುಲ್ಕ ಕೊಟ್ಟು ಕಲಿಸುವ ತರಬೇತಿ ಮಾತ್ರವೇ ವ್ಯಾಯಾಮವಲ್ಲ.

ತರಬೇತಿಯ ಮಿತಿಗೆ ಮಕ್ಕಳ ಕ್ರೀಡಾ ವೈದ್ಯರು ಒಂದು ಸುಲಭದ ಲೆಕ್ಕ ಕೊಡುತ್ತಾರೆ. ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿಯ ಗಂಟೆಗಳು ಅದಕ್ಕಿಂತ ಹೆಚ್ಚಾಗಬಾರದು. ಏಳು ವರ್ಷದ ಮಗುವಿಗೆ ಏಳು ಗಂಟೆಯೇ ಗರಿಷ್ಠ ಮಿತಿ. ಅಷ್ಟನ್ನೂ ತುಂಬಿಸಲೇಬೇಕೆಂದು ಇದರ ಅರ್ಥವಲ್ಲ. ಜೊತೆಗೆ ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವು ಇರಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ ಬಿಡಿಸಿಯಾದರೂ, ಆ ಆಟದಿಂದ ದೂರವಿದ್ದು ಬೇರೆ ಆಟ ಆಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ.

ನಿದ್ದೆಯ ಲೆಕ್ಕ

ನಮ್ಮ ಮಕ್ಕಳ ದಿನಚರಿಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಏಳು ಗಂಟೆಯ ಮದ್ರಸಕ್ಕೆ ಆರಕ್ಕೆ ಏಳಬೇಕು. ಮದ್ರಸ ಮುಗಿಸಿ ಶಾಲೆ. ಸಂಜೆ ಆರರಿಂದ ಎಂಟರವರೆಗೆ ತರಬೇತಿ. ಮನೆಗೆ ಬಂದು ಸ್ನಾನ, ಊಟ, ಹೋಂವರ್ಕ್ ಮುಗಿಯುವಾಗ ರಾತ್ರಿ ಹತ್ತೂವರೆ. ಅಂದರೆ ಏಳೂವರೆ ಗಂಟೆಯ ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಬೇಕಾದದ್ದು 9ರಿಂದ 12 ಗಂಟೆ. ದಿನಕ್ಕೆ ಒಂದೂವರೆ ಗಂಟೆ ಕಡಿಮೆಯಾದರೂ ವಾರದ ಆರು ದಿನಗಳಲ್ಲಿ ಒಂಬತ್ತು ಗಂಟೆ, ಅಂದರೆ ಒಂದು ಇಡೀ ರಾತ್ರಿಯ ನಿದ್ದೆ ಕಳೆದುಹೋದಂತಾಯಿತು.

ನಿದ್ದೆಗೆಟ್ಟ ಮಗು ಪಾಠದಲ್ಲಿ ತೂಕಡಿಸುತ್ತದೆ, ಸಣ್ಣ ಮಾತಿಗೂ ಅಳುತ್ತದೆ, ಆಟದಲ್ಲಿ ಎಡವಿ ಬೀಳುತ್ತದೆ. “ಸೋಮಾರಿಯಾಗಿದ್ದಾನೆ” ಎಂದು ನೀವು ಭಾವಿಸುವ ಮಗುವಿಗೆ ಎಷ್ಟೋ ಸಲ ಬೇಕಿರುವುದು ನಿದ್ದೆ. ಮದ್ರಸವನ್ನೂ ಶಾಲೆಯನ್ನೂ ಕಡಿಮೆ ಮಾಡುವಂತಿಲ್ಲ. ಕಡಿಮೆ ಮಾಡಬಹುದಾದದ್ದು ತರಬೇತಿಯ ದಿನಗಳನ್ನು.

ನೋವನ್ನು ಕೇಳಿಸಿಕೊಳ್ಳಿ

ಹೊಸದಾಗಿ ಸೇರಿದಾಗ ತೊಡೆ, ತೋಳು ಎರಡೂ ಕಡೆ ಸಮನಾಗಿ ನೋಯುವುದು, ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದು ಸಹಜ. ಆದರೆ ಈ ಲಕ್ಷಣಗಳಿದ್ದರೆ ತರಬೇತಿ ನಿಲ್ಲಿಸಿ ವೈದ್ಯರಿಗೆ ತೋರಿಸಿ:

• ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತಹ ನೋವು
• ಕುಂಟುತ್ತಾ ನಡೆಯುವುದು, ಕೀಲು ಊದಿಕೊಳ್ಳುವುದು
• ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಅಥವಾ ನೋವಿನೊಂದಿಗೆ ಜ್ವರ
• ಎರಡು ವಾರ ಕಳೆದರೂ ಬಿಡದ ಬೆನ್ನುನೋವು

ಊದಿಕೊಂಡ ಕೈಕಾಲನ್ನು ಎಕ್ಸ್‌ರೇ ಮಾಡಿಸದೆ ಎಣ್ಣೆ ಹಾಕಿ ತಿಕ್ಕಿಸುವುದು, ಎಳೆದು ಉಳುಕು ತೆಗೆಸುವುದು ಬೇಡ. ಒಳಗೆ ಬಿರುಕಿದ್ದರೆ ಅದು ಇನ್ನಷ್ಟು ಸರಿಯುತ್ತದೆ. ನೋವು ನಿವಾರಕ ಮಾತ್ರೆ ಕೊಟ್ಟು ಸ್ಪರ್ಧೆಗೆ ಇಳಿಸುವುದಂತೂ ಬೇಡವೇ ಬೇಡ.

ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ತಲೆ ಸುತ್ತಿದರೆ, ನಡೆದದ್ದು ನೆನಪಿಲ್ಲವೆಂದರೆ ಆ ದಿನ ಮತ್ತೆ ಆಟಕ್ಕೆ ಇಳಿಸಬಾರದು. ವೈದ್ಯರು ಒಪ್ಪಿದ ಮೇಲೆಯೇ ಮುಂದಿನ ಅಭ್ಯಾಸ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂತಹ ನಿದ್ದೆ, ಫಿಟ್ಸ್ ಕಂಡುಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟ, ನೀರು, ಉಪವಾಸ

ಆಡುವ ಮಗುವಿಗೆ ಡಬ್ಬಿಯ ಪ್ರೋಟೀನ್ ಪುಡಿ ಬೇಕಾಗಿಲ್ಲ. ಅನ್ನ ಅಥವಾ ರೊಟ್ಟಿ, ಮೀನು, ಮೊಟ್ಟೆ, ಬೇಳೆ, ಹಾಲು, ಸೊಪ್ಪು, ಹಣ್ಣು ಸಾಕು. ಕರಾಟೆಯಂತಹ ತೂಕದ ವಿಭಾಗಗಳಿರುವ ಆಟಗಳಲ್ಲಿ ಕೆಳಗಿನ ವಿಭಾಗಕ್ಕೆ ಸೇರಿಸಲು ಮಗುವಿಗೆ ಊಟ, ನೀರು ಕಡಿಮೆ ಮಾಡಿಸುವುದುಂಟು. ಇದಕ್ಕೆ ಖಂಡಿತ ಒಪ್ಪಬೇಡಿ. ಬೆಳೆಯುವ ಮಗು ಬೆಳೆಯುತ್ತಲೇ ಇರಬೇಕು. ಬಿಸಿಲ ದಿನಗಳಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕುಡಿಯಲು ಬಿಡುವಿರಲಿ.

ರಂಜಾನಿನಲ್ಲಿ ದೊಡ್ಡವರನ್ನು ನೋಡಿ ಚಿಕ್ಕ ಮಕ್ಕಳೂ ಹಠ ಹಿಡಿದು ಉಪವಾಸ ಹಿಡಿಯುತ್ತಾರೆ. ಆ ದಿನ ತರಬೇತಿಗೆ ಕಳುಹಿಸಬೇಡಿ. ನೀರಿಲ್ಲದೆ ಬೆವರು ಹರಿಸುವುದು ಎಳೆಯ ಮೈಗೆ ಸಲ್ಲದು. ವರ್ಷದಲ್ಲಿ ಒಂದು ತಿಂಗಳ ಬಿಡುವು ಹೇಗೂ ಬೇಕಲ್ಲವೇ? ಅದನ್ನು ರಂಜಾನಿಗೇ ಇಟ್ಟುಕೊಂಡರೆ ಎರಡೂ ಹೊಂದುತ್ತವೆ.

“ಹೋಗುವುದಿಲ್ಲ” ಎಂದರೆ

ಮಗು ಬೇಡವೆಂದಾಗ ಕಾರಣ ಕೇಳಿ. “ಯಾಕೆ ಹೋಗುವುದಿಲ್ಲ?” ಎಂದು ಗದರಿಸಿ ಕೇಳಿದರೆ ಉತ್ತರ ಸಿಗದು. ಮಲಗುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, “ಅಲ್ಲಿ ನಿನಗೆ ಯಾವುದು ಇಷ್ಟ, ಯಾವುದು ಇಷ್ಟವಿಲ್ಲ?” ಎಂದು ಕೇಳಿ. ಟಿ.ವಿ. ಬಿಟ್ಟು ಏಳಲು ಬೇಸರವಷ್ಟೇ ಆಗಿದ್ದರೆ ಪ್ರೀತಿಯಿಂದ ಹೊರಡಿಸಿ. ಹೋದ ಹತ್ತು ನಿಮಿಷದಲ್ಲಿ ನಗುತ್ತಾ ಆಡುತ್ತಿದ್ದರೆ ಚಿಂತೆಯಿಲ್ಲ. ಹೊಸ ಜಿಗಿತಕ್ಕೆ ಹೆದರಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು ಕಲಿಸುವಂತೆ ಮಾಸ್ತರರಿಗೆ ಹೇಳಿ. ಕೈಗೊಂಡದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಬೇಡವೆನಿಸಿದರೆ, “ಈ ಅವಧಿ ಮುಗಿಯುವವರೆಗೆ ಹೋಗೋಣ, ಆಮೇಲೆ ನೀನೇ ಹೇಳು” ಎನ್ನಿ. ಆ ಮಾತನ್ನು ನೀವು ಉಳಿಸಿಕೊಳ್ಳಿ.

ಆದರೆ ತರಗತಿಯ ದಿನ ಮಾತ್ರ ಹೊಟ್ಟೆನೋವು, ಹಾಸಿಗೆ ಒದ್ದೆ ಮಾಡುವುದು, ಒಬ್ಬ ವ್ಯಕ್ತಿಯ ಹೆಸರೆತ್ತಿದರೆ ಮುದುಡಿಕೊಳ್ಳುವುದು ಕಂಡರೆ ಕಳುಹಿಸುವುದನ್ನು ತಕ್ಷಣ ನಿಲ್ಲಿಸಿ ವಿಚಾರಿಸಿ. ಬೈಗುಳ, ಹೊಡೆತ, ಅಥವಾ ಅದಕ್ಕಿಂತ ಕೆಟ್ಟದ್ದು ನಡೆದಿರಬಹುದು. ಹೆತ್ತವರು ಕುಳಿತು ನೋಡಲು ಅವಕಾಶ ಕೊಡದ ತರಬೇತಿಗೆ ಚಿಕ್ಕ ಮಗುವನ್ನು ಸೇರಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಇನ್ನೊಂದು ಮಗು ಬಲಿಯಾಗುತ್ತದೆ.

ಬೇಗ ಶುರು ಮಾಡಿದರೆ ಮಾತ್ರವೇ?

“ಈಗಲೇ ಗಟ್ಟಿಯಾಗಿ ಹಿಡಿಯದಿದ್ದರೆ ಅವಕಾಶ ತಪ್ಪುತ್ತದೆ” ಎಂಬ ಭಯ ಹೆತ್ತವರನ್ನು ಓಡಿಸುತ್ತದೆ. ಸಾನಿಯಾ ಮಿರ್ಜಾ ಆರನೇ ವಯಸ್ಸಿಗೆ ಟೆನಿಸ್ ಹಿಡಿದದ್ದು ನಿಜ. ಆದರೆ 2022 ಮತ್ತು 2023ರಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದ ನಿಜಾಮಾಬಾದಿನ ನಿಖತ್ ಝರೀನ್ ಮೊದಲು ಓಟದ ಹುಡುಗಿ. ಬಾಕ್ಸಿಂಗ್ ಕಲಿತದ್ದು ಆಮೇಲೆ. ಎಳೆಯರನ್ನೇ ಮುಂದೆ ನಿಲ್ಲಿಸುತ್ತಿದ್ದ ಆಟಗಳೂ ಬದಲಾಗಿವೆ. ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ಹಿರಿಯರ ಅಂತಾರಾಷ್ಟ್ರೀಯ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 1997ರಿಂದ 16ಕ್ಕೆ ಏರಿಸಲಾಯಿತು. ಹಿಮದ ಸ್ಕೇಟಿಂಗ್‌ನಲ್ಲಿ 15 ಇದ್ದದ್ದನ್ನು 17ಕ್ಕೆ ಏರಿಸುವ ತೀರ್ಮಾನ 2022ರಲ್ಲಿ ಆಯಿತು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಳಿಯಲ್ಲಿ ತಿರುಗುವಾಗ ದಿಕ್ಕು ತಪ್ಪುತ್ತಿದೆಯೆಂದು ತಂಡ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ಬೇಕಾದಾಗ ನಿಲ್ಲಿಸಿದ್ದರಿಂದ ಅವರ ಆಟ ಮುಗಿದುಹೋಗಲಿಲ್ಲ.

ಸ್ಪರ್ಧೆ ಮುಗಿಸಿ ಬರುವಾಗ ದಾರಿಯುದ್ದಕ್ಕೂ ತಪ್ಪು ಎತ್ತಿ ಆಡಬೇಡಿ. “ನೀನು ಆಡುವುದನ್ನು ನೋಡಿ ಖುಷಿಯಾಯಿತು” ಎಂಬ ಒಂದು ಮಾತು ಸಾಕು. ಗೆದ್ದ ದಿನವೂ ಸೋತ ದಿನವೂ ಅದೇ ಮಾತು ಕೇಳುವ ಮಗು, ಮೈ ನೊಂದಾಗ ಮುಚ್ಚಿಡದೆ ಮೊದಲು ನಿಮ್ಮ ಬಳಿಗೇ ಬಂದು ಹೇಳುತ್ತದೆ.